ಹೆಸರು ನಿಮ್ಮದಾದರೆ ಹೊಣೆಯೂ ನಿಮ್ಮದೇ

ಆನ್‌ಲೈನ್‌ನಲ್ಲಿ ಸ್ವಂತ ಬ್ರ್ಯಾಂಡ್ ಕಟ್ಟಲು ಕಡಿಮೆ ದರದ ತಯಾರಕರನ್ನು ಹುಡುಕಿ ಲೇಬಲ್ ಅಂಟಿಸಿದರೆ ಸಾಕು, ಗುಣಮಟ್ಟದ ತಲೆನೋವು ಅವರದು ಎಂದು ಲೇಖಕರೊಬ್ಬರು ಬರೆದಿದ್ದಾರೆ. ಸ್ವಂತ ಕಾರ್ಖಾನೆ ಬೇಡ ಎಂಬಷ್ಟು ಮಾತ್ರ ನಿಜ. ಉಳಿದದ್ದು ಹೊಸಬರನ್ನು ಹಳ್ಳಕ್ಕೆ ತಳ್ಳುವ ಸಲಹೆ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು, ಬೇರೆಯವರು ಮಾಡಿದ ವಸ್ತುವಿಗೆ ತಮ್ಮ ಗುರುತು ಹಾಕಿಸುವವರನ್ನೂ ತಯಾರಕರೆಂದೇ ಪರಿಗಣಿಸುತ್ತದೆ. ನಿಮ್ಮ ಹೆಸರಿನ ಖಾರದಪುಡಿಯಲ್ಲಿ ನಿಷೇಧಿತ ಬಣ್ಣವಿದ್ದು ಯಾರಿಗಾದರೂ ಹಾನಿಯಾದರೆ, ಪುಡಿ ಮಾಡಿದ್ದು ಗಿರಣಿಯವರು ಎಂದು ಕೈತೊಳೆದುಕೊಳ್ಳಲಾಗದು.

ಖಾರದಪುಡಿಯನ್ನೇ ಏಕೆ ಹೇಳಿದೆನೆಂದರೆ, ಬ್ಯಾಡಗಿ ಮೆಣಸಿನಕಾಯಿಗೆ ಬೆಲೆ ಬರುವುದೇ ಅದರ ಕಡುಗೆಂಪು ಬಣ್ಣ ಮತ್ತು ಹದವಾದ ಖಾರದಿಂದ. ಅಗ್ಗದ ಕಾಯಿ ಬೆರೆಸಿ ಬಣ್ಣ ಹಾಕಿದ ಪುಡಿಯೂ ಫೋಟೊದಲ್ಲಿ ಅಷ್ಟೇ ಕೆಂಪು! ಮೊದಲು ಕಳಿಸುವ ಸ್ಯಾಂಪಲ್ ಚೆನ್ನಾಗಿಯೇ ಇರುತ್ತದೆ. ಗುಟ್ಟು ಬಯಲಾಗುವುದು ಮುಂದಿನ ಲಾಟ್‌ಗಳಲ್ಲಿ. ಆದ್ದರಿಂದ ಗಿರಣಿಗೆ ಹೋಗಿ, ಕಾಯಿ ಒಣಗಿಸುವ, ದಾಸ್ತಾನಿಡುವ ಜಾಗವನ್ನು ಕಣ್ಣಾರೆ ನೋಡಿ. ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಪರವಾನಗಿ ಸಂಖ್ಯೆ ಚಾಲ್ತಿಯಲ್ಲಿದೆಯೇ ಪರಿಶೀಲಿಸಿ. ಪ್ರತಿ ಲಾಟನ್ನೂ ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಪರೀಕ್ಷಿಸಿ, ಫೇಲಾದ ಮಾಲು ವಾಪಸ್ ಎಂದು ಕರಾರಿನಲ್ಲಿ ಬರೆಸಿಕೊಳ್ಳಿ. ಇದಕ್ಕೊಪ್ಪದ ಗಿರಣಿಯ ದರ ಎಷ್ಟೇ ಕಡಿಮೆಯಿರಲಿ, ಆರ್ಡರ್ ಕೊಡಬೇಡಿ.