ಕವಿತೆಗೆ ಮರುಕದ ಶಿಫಾರಸು ಬೇಡ

ಈಚೆಗೆ ನಮ್ಮ ಸಂಘದ ಸಾಯಂಗೋಷ್ಠಿಯಲ್ಲಿ ನಡೆದ ಚರ್ಚೆಯೊಂದು ಈ ಬರಹಕ್ಕೆ ಕಾರಣ. ಬಹುಕಾಲ ಚಿತ್ತಭ್ರಮೆಯಿಂದ ನರಳಿ, ಮನೆಮಠಗಳನ್ನು ಕಳೆದುಕೊಂಡು, ಬಸ್ಸು ನಿಲ್ದಾಣದಲ್ಲಿಯೂ ದೇವಸ್ಥಾನದ ಜಗಲಿಯಲ್ಲಿಯೂ ಮಲಗಿ, ಈಗ ಚಿಕಿತ್ಸೆಯಿಂದ ಚೇತರಿಸಿಕೊಂಡಿರುವ ಒಬ್ಬರು ತಾವು ಬರೆದ ಕವಿತೆಗಳ ಕೈಬರಹದ ಪುಸ್ತಕವನ್ನು ಸಂಘಕ್ಕೆ ಕೊಟ್ಟಿದ್ದರು. ಅದನ್ನು ಏನು ಮಾಡತಕ್ಕದ್ದು ಎಂಬುದೇ ಪ್ರಶ್ನೆ. “ಉನ್ಮಾದವಿಲ್ಲದೆ ಕವಿತೆಯುಂಟೆ? ಬೀದಿಯ ಬಾಳೇ ಇವರನ್ನು ಕವಿಯನ್ನಾಗಿ ಮಾಡಿತು. ಆ ಕಥೆಯನ್ನು ಮುನ್ನುಡಿಯಾಗಿ ಬರೆದು ಎಲ್ಲವನ್ನೂ ಅಚ್ಚುಹಾಕಿಸೋಣ” ಎಂದರು ಒಬ್ಬ ಹಿರಿಯರು. “ಕವಿತೆಯ ಗೀಳೇ ತಲೆ ಕೆಡಿಸುವುದು. ಪುಸ್ತಕವನ್ನು ಮರಳಿಸಿ, ಎಲ್ಲಿಯಾದರೂ ಗುಮಾಸ್ತೆಯ ಕೆಲಸ ಕೊಡಿಸಿದರೆ ಪುಣ್ಯ ಬಂದೀತು” ಎಂದರು ಮತ್ತೊಬ್ಬರು. ಇಬ್ಬರ ಸಜ್ಜನಿಕೆಯಲ್ಲಿಯೂ ನನಗೆ ಸಂದೇಹವಿಲ್ಲ. ಆದರೆ ಇಬ್ಬರಲ್ಲಿ ಯಾರೂ ಆ ಪುಸ್ತಕವನ್ನು ತೆರೆದು ಓದಿರಲಿಲ್ಲ.

ಈ ಎರಡು ಅಭಿಪ್ರಾಯಗಳೂ ಹೊಸವಲ್ಲ. ಎರಡನ್ನೂ ತನ್ನ ಬಾಳಿನಲ್ಲಿ ಅನುಭವಿಸಿದ ಕವಿಯೊಬ್ಬನುಂಟು. ಅವನು ಇಂಗ್ಲೆಂಡಿನ ಜಾನ್ ಕ್ಲೇರ್. 1793ರಲ್ಲಿ ಹೆಲ್ಪ್‌ಸ್ಟನ್ ಎಂಬ ಹಳ್ಳಿಯಲ್ಲಿ ಕೂಲಿಯವನ ಮಗನಾಗಿ ಹುಟ್ಟಿ, ತಾನೂ ಹೊಲದಲ್ಲಿ ದುಡಿದವನು. 1820ರಲ್ಲಿ ಅವನ ಮೊದಲ ಪುಸ್ತಕ ಹೊರಬಂದಾಗ ಲಂಡನ್ನಿನ ದೊಡ್ಡ ಮನೆಗಳು ಅವನನ್ನು ಕರೆಸಿ ನೋಡಿದುವು. ಅವರಿಗೆ ಬೇಕಾಗಿದ್ದುದು ಕವಿತೆಗಿಂತ ಹೆಚ್ಚಾಗಿ ‘ರೈತಕವಿ’ ಎಂಬ ಸೋಜಿಗ. ಸೋಜಿಗ ಹಳೆಯದಾಯಿತು. 1827ರಲ್ಲಿ, ಕವಿಯ ಕೈ ಇನ್ನೂ ಪಳಗಿದ್ದಾಗ, ಬಂದ ‘ಕುರುಬನ ಪಂಚಾಂಗ’ವನ್ನು ಕೊಳ್ಳುವವರು ಕೆಲವರೇ ಆದರು. ಏಳು ಮಕ್ಕಳ ಸಂಸಾರ, ಸಾಲ, ಊರಿನ ಗೋಮಾಳಗಳಿಗೆ ಬಿದ್ದ ಬೇಲಿ, ಇವೆಲ್ಲದರ ನಡುವೆ ಅವನ ಮನಸ್ಸು ಕದಡಿತು. 1837ರಲ್ಲಿ ಅವನನ್ನು ಎಪ್ಪಿಂಗ್ ಅರಣ್ಯದ ಬಳಿಯ ಚಿಕಿತ್ಸಾಲಯವೊಂದಕ್ಕೆ ಸೇರಿಸಿದರು.

1841ರ ಜುಲೈ ತಿಂಗಳಲ್ಲಿ ಅವನು ಅಲ್ಲಿಂದ ಹೊರಟು, ಕಾಸಿಲ್ಲದೆ, ನಾಲ್ಕು ದಿನಗಳಲ್ಲಿ ಸುಮಾರು 80 ಮೈಲಿ ನಡೆದನು. ಸಿಕ್ಕಿದ ಕಡೆ ಮಲಗಿದನು. ಹಸಿವು ತಾಳಲಾರದೆ ದಾರಿಬದಿಯ ಹುಲ್ಲನ್ನು ತಿಂದನು. ತಾನು ಬಾಲ್ಯದಲ್ಲಿ ಒಲಿದಿದ್ದ ಮೇರಿ ತನ್ನ ಹೆಂಡತಿಯೆಂದೂ ಮನೆಯಲ್ಲಿ ಕಾದಿರುವಳೆಂದೂ ಅವನ ಭ್ರಮೆ. ಆಕೆ ತೀರಿಕೊಂಡು ಮೂರು ವರ್ಷಗಳಾಗಿದ್ದುವು. ಮನೆಗೆ ಬಂದು ಸೇರಿದರೂ ಮನೆ ಸಿಕ್ಕಲಿಲ್ಲ. ಅದೇ ಡಿಸೆಂಬರಿನಲ್ಲಿ ಅವನನ್ನು ನಾರ್ಥಾಂಪ್ಟನ್ನಿನ ಆಸ್ಪತ್ರೆಗೆ ಸಾಗಿಸಿದರು. ರೋಗಕ್ಕೆ ಮೊದಲು ಮನಸ್ಸಿಗೆ ಆಯಾಸ ತಂದ ಕಾರಣವೇನಾದರೂ ಉಂಟೆ ಎಂಬ ಪ್ರಶ್ನೆಗೆ, ವರ್ಷಗಟ್ಟಲೆ ಕವಿತೆ ಹೊಸೆದದ್ದೇ ಎಂಬ ಅರ್ಥದ ಉತ್ತರವನ್ನು ವೈದ್ಯನು ಬರೆದನು. ನಮ್ಮ ಗೋಷ್ಠಿಯ ಎರಡನೆಯ ಹಿರಿಯರಿಗೆ ಇವನು ಹಿಂದಿನ ಶತಮಾನಗಳ ಬಂಧುವೇ ಸರಿ! ಹಸಿವು, ಸಾಲ, ಅವಮಾನ ಒಂದೂ ಆ ಉತ್ತರದಲ್ಲಿ ಕಾಣಲಿಲ್ಲ, ಕವಿತೆಯೊಂದೇ ಅಪರಾಧಿಯಾಯಿತು.

ಕ್ಲೇರನು ಆ ಆಸ್ಪತ್ರೆಯಿಂದ ಮರಳಲಿಲ್ಲ. 1864ರ ಮೇ ತಿಂಗಳಲ್ಲಿ ಅಲ್ಲಿಯೇ ತೀರಿಕೊಂಡನು. ಆದರೆ ಅಲ್ಲಿ ಅವನು ನೂರಾರು ಕವಿತೆಗಳನ್ನು ಬರೆದನು. ಇದು ಹೇಗೆ ಸಾಧ್ಯವಾಯಿತು? ಹುಚ್ಚಿನ ವರದಿಂದಲ್ಲ. ತಲೆಯ ಮೇಲೆ ಸೂರಿತ್ತು, ಹೊತ್ತಿಗೆ ಊಟವಿತ್ತು. ಪೇಟೆಗೆ ನಡೆದು ಹೋಗಿ ಇಗರ್ಜಿಯ ಮುಂಬಾಗಿಲಲ್ಲಿ ಕುಳಿತಿರಲು ಅಪ್ಪಣೆಯಿತ್ತು. ಎಲ್ಲಕ್ಕಿಂತ ಮಿಗಿಲಾಗಿ ವಿಲಿಯಂ ನೈಟ್ ಎಂಬ ಆಸ್ಪತ್ರೆಯ ಅಧಿಕಾರಿಯೊಬ್ಬನು ಆ ಕವಿತೆಗಳನ್ನು ಬರೆಯಲು ಹುರಿದುಂಬಿಸಿ, ಓದಿ, ಶ್ರದ್ಧೆಯಿಂದ ನಕಲು ಮಾಡಿಟ್ಟನು. ಒಬ್ಬನೇ ಒಬ್ಬ ಓದುಗನಿದ್ದನು; ಕವಿ ಬರೆದನು. ಉಳಿದ ಲೋಕಕ್ಕೆ ಆತುರವಿರಲಿಲ್ಲ. ಕೆಲವು ಕವಿತೆಗಳು ಅಲ್ಲೊಂದು ಇಲ್ಲೊಂದು ಬೆಳಕು ಕಂಡರೂ, ಚಿಕಿತ್ಸಾಲಯಗಳ ಕಾಲದ ಕವಿತೆಗಳೆಲ್ಲ ಒಟ್ಟಾಗಿ ಎರಡು ಸಂಪುಟಗಳಲ್ಲಿ ಅಚ್ಚಾದುದು 1984ರಲ್ಲಿ. ಕವಿ ಸತ್ತು ಆಗ 120 ವರ್ಷ.

ಇನ್ನು ಉನ್ಮಾದವೇ ಕವಿತೆಯ ತಾಯಿ ಎಂಬ ಮೊದಲನೆಯ ಹಿರಿಯರ ಮಾತಿಗೆ ಬರೋಣ. ವಂಗದೇಶದ ಕಾಜಿ ನಜ್ರುಲ್ ಇಸ್ಲಾಂ ಅವರನ್ನು ನೆನೆಯಬೇಕು. ಸಾವಿರಾರು ಹಾಡುಗಳನ್ನು ಕಟ್ಟಿದ ಆ ಕವಿ 1942ರಲ್ಲಿ ಮೆದುಳಿನ ರೋಗಕ್ಕೆ ತುತ್ತಾಗಿ ಮಾತನ್ನೂ ನೆನಪನ್ನೂ ಕಳೆದುಕೊಂಡರು. 1976ರಲ್ಲಿ ಢಾಕಾ ನಗರದಲ್ಲಿ ತೀರಿಕೊಳ್ಳುವವರೆಗೆ, 34 ವರ್ಷ, ಆ ಲೇಖನಿ ಮತ್ತೆ ಏಳಲಿಲ್ಲ. ರೋಗವು ಕವಿತೆಯನ್ನು ಕೊಡುವುದಾಗಿದ್ದರೆ ಇಲ್ಲಿ ಕಸಿದುಕೊಂಡದ್ದೇಕೆ? ರೋಗವು ರೋಗವೇ. ಅದಕ್ಕೆ ವೈದ್ಯ ಬೇಕು, ಔಷಧ ಬೇಕು. ಕವಿತೆಯು ಔಷಧದ ಬದಲಿಗೆ ನಿಲ್ಲಲಾರದು. ನೂರಾರು ಕವಿತೆಗಳನ್ನು ಬರೆದ ಕ್ಲೇರನ ಭ್ರಮೆ ಹರಿಯಲಿಲ್ಲ. ಹಾಗಾದರೆ ಕವಿತೆಯ ಪ್ರಯೋಜನವೇನು ಎಂದು ಕೇಳಬಹುದು. ಎಲ್ಲರೂ ರೋಗಿಯೆಂದು ಕರೆಯುವವನಿಗೆ ಬೆಳಗಾದರೆ ಮಾಡಬೇಕಾದ ತನ್ನದೇ ಒಂದು ಕೆಲಸವುಂಟೆಂಬುದೇ ಪ್ರಯೋಜನ. ಅದನ್ನು ಅಲ್ಪವೆನ್ನುವವರು ಕೆಲಸವಿಲ್ಲದೆ ಒಂದು ತಿಂಗಳು ಕುಳಿತು ನೋಡಲಿ.

ಬೀದಿಯಿಂದ ಬಂದ ಕವಿಗೆ ನಾವು ಸಲ್ಲಿಸತಕ್ಕದ್ದೇನು? ಫ್ರಾನ್ಸಿಸ್ ಥಾಂಪ್ಸನ್ ಎಂಬ ಕವಿ ವೈದ್ಯವಿದ್ಯೆಯಲ್ಲಿ ಸೋತು, ಅಫೀಮಿಗೆ ಬಲಿಯಾಗಿ, 1885ರಿಂದ ಸುಮಾರು ಮೂರು ವರ್ಷ ಲಂಡನ್ನಿನ ಬೀದಿಗಳಲ್ಲಿ ಬೆಂಕಿಕಡ್ಡಿ ಮಾರಿ ಅಲೆದನು. ಅವನು ಕಳುಹಿಸಿದ ಕೊಳಕು ಕಾಗದಗಳನ್ನು ವಿಲ್ಫ್ರಿಡ್ ಮೆನೆಲ್ ಎಂಬ ಪತ್ರಿಕಾ ಸಂಪಾದಕನು ಓದಿ, ಗುಣವನ್ನು ಕಂಡು, 1888ರಲ್ಲಿ ಕವಿತೆಯನ್ನು ಪ್ರಕಟಿಸಿದನು. ಆ ಮೇಲೆಯೇ ಅವನನ್ನು ಹುಡುಕಿಸಿ, ಚಿಕಿತ್ಸೆಗೂ ವಸತಿಗೂ ಏರ್ಪಾಡು ಮಾಡಿದನು. ಈ ಕ್ರಮವನ್ನು ವಾಚಕರು ಗಮನಿಸಬೇಕು. ಮೆನೆಲನು ಕವಿತೆಯನ್ನು ಮೆಚ್ಚಿದ್ದು ಕವಿಯ ಮೇಲಣ ಕನಿಕರದಿಂದಲ್ಲ. ಆ ಕವಿ ಎಲ್ಲಿ ಮಲಗುವನೆಂಬುದೇ ಆಗ ಅವನಿಗೆ ತಿಳಿದಿರಲಿಲ್ಲ.

ನಮ್ಮ ದೇಶದ ಕಾನೂನು ಸಹ ನಮಗಿಂತ ಮುಂದೆ ಹೋಗಿದೆ. 2017ರ ಮಾನಸಿಕ ಆರೋಗ್ಯ ಕಾಯಿದೆಯ 19ನೆಯ ಕಲಮಿನಂತೆ, ಮನೋರೋಗಿಗೆ ಸಮಾಜದಲ್ಲಿ ಬಾಳುವ ಹಕ್ಕುಂಟು. ಮನೆಯಿಲ್ಲವೆಂಬ ಅಥವಾ ಮನೆಯವರು ಒಲ್ಲರೆಂಬ ಕಾರಣಕ್ಕೆ ಮಾತ್ರವೇ ಅವನನ್ನು ಆಸ್ಪತ್ರೆಯಲ್ಲಿ ಇರಿಸಿಕೊಳ್ಳತಕ್ಕದ್ದಲ್ಲ. ಆದರೆ ಆಸ್ಪತ್ರೆಯ ಬಾಗಿಲು ತೆರೆದವನನ್ನು ನಾವು ಮುನ್ನುಡಿಯೊಳಗೆ ಮತ್ತೆ ಕೂಡಿಹಾಕಿದರೆ ಬಂದ ಲಾಭವೇನು? ‘ರೈತಕವಿ’ ಎಂಬ ಹಣೆಪಟ್ಟಿ ಕ್ಲೇರನನ್ನು ಒಂದು ವರ್ಷ ಮೆರೆಸಿ, ಮುಂದೆ ಕೈಬಿಟ್ಟಿತು. ‘ಬೀದಿಯಿಂದ ಬಂದ ಕವಿ’ ಎಂಬುದೂ ಹಾಗೆಯೇ ಮಾಡೀತು.

ಆ ಪುಸ್ತಕವನ್ನು ಅಂದು ರಾತ್ರಿ ನಾನು ಮನೆಗೆ ತಂದು ಓದಿದೆನು. 41 ಕವಿತೆಗಳಲ್ಲಿ ಬಹುಪಾಲು ಸಪ್ಪೆ. ಕೆಲವು ಕೇಳಿದ ಹಾಡುಗಳ ಮರುದನಿ. 7 ಮಾತ್ರ ನಿಜವಾಗಿ ಒಳ್ಳೆಯವು. ತಪ್ಪೆಂದು ತೋರಿದ ಕಡೆ ಗುರುತು ಹಾಕಿ, ಕಾರಣ ಬರೆದು ಮರಳಿಸಿದೆನು. ಮರುವಾರ ಅವರು ಬಂದು, ನಾನು ಹೊಡೆದುಹಾಕಿದ್ದ ಒಂದು ಪದದ ಪರವಾಗಿ ಅರ್ಧ ಗಂಟೆ ವಾದಿಸಿದರು, ಸೋಲಲಿಲ್ಲ. ಕೊನೆಗೆ ಆ ಪದವೇ ಸರಿಯೆಂದು ನನಗೂ ತೋರಿತು.

ಸಂಪಾದಕರಲ್ಲಿ ನನ್ನ ಬೇಡಿಕೆ ಇಷ್ಟೆ: ಆ 7 ಕವಿತೆಗಳನ್ನು ಮುನ್ನುಡಿಯಿಲ್ಲದೆ, ಉಳಿದವರ ಕವಿತೆಗಳ ನಡುವೆ, ಒಂದೊಂದಾಗಿ ಪ್ರಕಟಿಸಬೇಕು. ಅವರ ಹೆಸರನ್ನೂ ಊರನ್ನೂ ನಾನಿಲ್ಲಿ ಬೇಕೆಂದೇ ಬಿಟ್ಟಿದ್ದೇನೆ. ಮುಂದಿನ ಸಂಚಿಕೆಗಳಲ್ಲಿ ಅವರ ಕವಿತೆ ಯಾವುದೆಂದು ವಾಚಕರಿಗೆ ತಿಳಿಯದಿರಲಿ.