ಟೊಮೆಟೊ ಸಾಸ್ ಬಾಟಲಿ ಇಲ್ಲದ ರೀಮೇಕ್

'ದಿ ಮಂಚೂರಿಯನ್ ಕ್ಯಾಂಡಿಡೇಟ್' ಎಂಬ ಅಮೆರಿಕದ ಗೂಢಚಾರಿ ಸಿನಿಮಾ ಎರಡು ಸಲ ಬಂದಿದೆ. ಮೊದಲ ಸಲ 1962ರಲ್ಲಿ, ಕಪ್ಪು ಬಿಳುಪಿನಲ್ಲಿ, ಜಾನ್ ಫ್ರಾಂಕನ್‌ಹೈಮರ್ ನಿರ್ದೇಶನದಲ್ಲಿ. ಎರಡನೇ ಸಲ 2004ರಲ್ಲಿ, ಬಣ್ಣದಲ್ಲಿ, ಜೊನಾಥನ್ ಡೆಮಿ ನಿರ್ದೇಶನದಲ್ಲಿ. ಎರಡಕ್ಕೂ ಮೂಲ ರಿಚರ್ಡ್ ಕಾಂಡನ್ 1959ರಲ್ಲಿ ಬರೆದ ಕಾದಂಬರಿ. ಮೊಬೈಲ್‌ನಲ್ಲಿ ಹೊಸದನ್ನು ನೋಡಿದವರು, "ಹಳೇದು ಯಾಕೆ ನೋಡ್ಬೇಕು, ಇದರಲ್ಲೇ ಎಲ್ಲಾ ಇದೆಯಲ್ಲ" ಅನ್ನುತ್ತಾರೆ. ಎಲ್ಲಾ ಇಲ್ಲ. ಹೊಸದರಲ್ಲಿ ಒಂದು ಟೊಮೆಟೊ ಸಾಸ್ ಬಾಟಲಿ ಇಲ್ಲ. ನನ್ನ ಜಗಳ ಇರುವುದು ಅದಕ್ಕೇ.

ಕಥೆ ಹೇಳದೆ ವಾದ ಮಾಡಲು ಆಗುವುದಿಲ್ಲ, ಕೊನೆಯನ್ನೂ ಹೇಳಬೇಕಾಗುತ್ತದೆ. ಸಿನಿಮಾ ನೋಡಿ ಬಂದು ಓದುತ್ತೇನೆ ಅನ್ನುವವರು ಇಲ್ಲೇ ನಿಲ್ಲಿಸಿ.

ಹಳೆಯ ಸಿನಿಮಾ ಶುರುವಾಗುವುದು 1952ರ ಕೊರಿಯಾ ಯುದ್ಧದಲ್ಲಿ. ಅಮೆರಿಕದ ಸೈನಿಕರ ಒಂದು ತಂಡ ಶತ್ರುಗಳ ಕೈಗೆ ಸಿಗುತ್ತದೆ. ಅವರನ್ನು ಮಂಚೂರಿಯಾಕ್ಕೆ ಒಯ್ದು ತಲೆ ತಿರುಗಿಸಿ, ಅಂದರೆ ಬ್ರೈನ್‌ವಾಷ್ ಮಾಡಿ, ವಾಪಸ್ ಕಳಿಸುತ್ತಾರೆ. ಅವರಲ್ಲಿ ರೇಮಂಡ್ ಶಾ ಎಂಬವನು ತಂಡವನ್ನು ಕಾಪಾಡಿದ ವೀರ ಎಂದು ಊರಿಗೆ ಬಂದು ದೊಡ್ಡ ಪದಕ ಪಡೆಯುತ್ತಾನೆ. ಅವನು ಯಾರನ್ನೂ ಕಾಪಾಡಿರುವುದಿಲ್ಲ. ಆದರೆ ಅವನ ಬಗ್ಗೆ ಕೇಳಿದರೆ ಜೊತೆಗಿದ್ದವರೆಲ್ಲ ಒಂದೇ ಹೊಗಳಿಕೆಯ ವಾಕ್ಯವನ್ನು ಬಾಯಿಪಾಠದಂತೆ ಒಪ್ಪಿಸುತ್ತಾರೆ. ಇಸ್ಪೀಟಿನಲ್ಲಿ ಡೈಮಂಡ್ ರಾಣಿ ಕಂಡರೆ ಸಾಕು, ರೇಮಂಡ್ ಹೇಳಿದ್ದನ್ನು ಮಾಡುವ ಗೊಂಬೆ. ಕೊಲ್ಲು ಅಂದರೆ ಕೊಲ್ಲುತ್ತಾನೆ. ಅವನನ್ನು ಆಡಿಸುವವಳು ಅವನ ಹೆತ್ತ ತಾಯಿ. ಮೇಜರ್ ಮಾರ್ಕೊ ಎಂಬ ಸಹ ಸೈನಿಕ ಕೆಟ್ಟ ಕನಸುಗಳ ಎಳೆ ಹಿಡಿದು ಸತ್ಯದ ಹತ್ತಿರ ಹೋಗುತ್ತಾನೆ. ಮಾರ್ಕೊ ಪಾತ್ರ ಫ್ರಾಂಕ್ ಸಿನಾತ್ರಾ ಅವರದು, ತಾಯಿಯ ಪಾತ್ರ ಏಂಜೆಲಾ ಲ್ಯಾನ್ಸ್‌ಬರಿ ಅವರದು.

ಇನ್ನು ಬಾಟಲಿಯ ವಿಷಯ. ರೇಮಂಡನ ಮಲತಂದೆ ಜಾನ್ ಐಸಲಿನ್ ಒಬ್ಬ ಸೆನೆಟರ್. ರಕ್ಷಣಾ ಸಚಿವರ ಸಭೆಯಲ್ಲಿ, ಟಿ.ವಿ. ಕ್ಯಾಮೆರಾಗಳ ಮುಂದೆ, ರಕ್ಷಣಾ ಇಲಾಖೆಯಲ್ಲಿ 207 ಕಮ್ಯುನಿಸ್ಟರಿದ್ದಾರೆ ಎಂದು ಕೂಗುತ್ತಾನೆ. ಆಮೇಲೆ ಆ ಸಂಖ್ಯೆ 104 ಆಗುತ್ತದೆ, ಇನ್ನೊಮ್ಮೆ 275. ಆತನ ಹೆಂಡತಿ ಅದೇ ಕೋಣೆಯಲ್ಲಿದ್ದರೂ ಗಂಡನ ಮುಖ ನೋಡುವುದಿಲ್ಲ, ಪಕ್ಕದ ಟಿ.ವಿ. ಪರದೆಯನ್ನು ನೋಡುತ್ತಿರುತ್ತಾಳೆ. ಅಲ್ಲಿ ಹೇಗೆ ಕಾಣುತ್ತಿದೆ ಅನ್ನುವುದೊಂದೇ ಅವಳಿಗೆ ಮುಖ್ಯ.

ಸಂಖ್ಯೆ ಬದಲಾಯಿಸುತ್ತ ಹೋದರೆ ತಾನು ದಡ್ಡನಂತೆ ಕಾಣುತ್ತೇನೆ ಎಂದು ಗಂಡ ಗೊಣಗುತ್ತಾನೆ. ಹೆಂಡತಿಯ ಉತ್ತರದ ಸಾರ ಇಷ್ಟು: ಪತ್ರಿಕೆಗಳವರು ಈಗ 'ಕಮ್ಯುನಿಸ್ಟರು ಇದ್ದಾರೆಯೇ' ಎಂದು ಕೇಳುತ್ತಿಲ್ಲ, 'ಎಷ್ಟು ಜನ ಇದ್ದಾರೆ' ಎಂದು ಕೇಳುತ್ತಿದ್ದಾರೆ. ಅಲ್ಲಿಗೆ ಕೆಲಸ ಮುಗಿಯಿತು. ಆದರೂ ನೆನಪಿಡಲು ಸುಲಭವಾದ ಒಂದೇ ಸಂಖ್ಯೆ ಕೊಡು ಎಂದು ಗಂಡ ಬೇಡುತ್ತಾನೆ. ಊಟದ ಮೇಜಿನ ಮೇಲೆ ಹೈಂಜ್ ಕಂಪನಿಯ ಸಾಸ್ ಬಾಟಲಿ ಇದೆ, ಅದರ ಲೇಬಲ್ ಮೇಲೆ 57 ಎಂದಿದೆ. ಮರುಕ್ಷಣ ಸೆನೆಟರ್ ಸಾಹೇಬರು ಸಭೆಯಲ್ಲಿ ನಿಂತು, ಇಲಾಖೆಯಲ್ಲಿ ಸರಿಯಾಗಿ 57 ಕಮ್ಯುನಿಸ್ಟರಿದ್ದಾರೆ ಎಂದು ಗುಡುಗುತ್ತಾರೆ.

ಇದು ಬರೀ ತಮಾಷೆಯ ದೃಶ್ಯವಲ್ಲ. 1950ರ ಫೆಬ್ರವರಿ 9ರಂದು ಸೆನೆಟರ್ ಜೋಸೆಫ್ ಮೆಕಾರ್ಥಿ ಅಮೆರಿಕದ ವೀಲಿಂಗ್ ಎಂಬ ಊರಿನಲ್ಲಿ ಭಾಷಣ ಮಾಡಿದರು. ವಿದೇಶಾಂಗ ಇಲಾಖೆಯಲ್ಲಿರುವ 205 ಕಮ್ಯುನಿಸ್ಟರ ಪಟ್ಟಿ ತಮ್ಮ ಕೈಯಲ್ಲಿದೆ ಅಂದರು ಎಂದು ವರದಿಯಾಯಿತು. ಮುಂದಿನ ಊರುಗಳಲ್ಲಿ ಅದು 57 ಆಯಿತು, ಅದೇ ತಿಂಗಳು ಸೆನೆಟ್‌ನಲ್ಲಿ 81. ಪತ್ರಿಕೆಗಳು ಎಲ್ಲವನ್ನೂ ಅಚ್ಚು ಹಾಕಿದವು. ಸೆನೆಟರ್ ಹೇಳಿದ್ದಾರೆ, ನಾವು ಬರೆದಿದ್ದೇವೆ, ಅಷ್ಟೇ. 1954ರ ಡಿಸೆಂಬರ್‌ನಲ್ಲಿ ಸೆನೆಟ್ 67-22 ಮತಗಳಿಂದ ಅವರಿಗೆ ಛೀಮಾರಿ ಹಾಕುವವರೆಗೆ ಸುಮಾರು ಐದು ವರ್ಷ ಈ ಆಟ ನಡೆಯಿತು. ಅಷ್ಟರಲ್ಲಿ ಎಷ್ಟೋ ಜನರ ನೌಕರಿ, ಮಾನ ಎರಡೂ ಹೋಗಿದ್ದವು.

ಈಗ ನಮ್ಮ ಕಸುಬಿಗೆ ಬನ್ನಿ. ಹೇಳಿದರು, ತಿಳಿಸಿದರು, ದೂರಿದರು, ಆರೋಪಿಸಿದರು. ಈ ನಾಲ್ಕು ಪದ ಗೊತ್ತಿದ್ದರೆ ಜಿಲ್ಲಾ ವರದಿಗಾರನ ದಿನ ಕಳೆಯುತ್ತದೆ. ಕೆಡಿಪಿ ಸಭೆಯಲ್ಲಿ ಒಬ್ಬರು ಒಂದು ಸಂಖ್ಯೆ ಹೇಳುತ್ತಾರೆ, ಮರುದಿನ ಪ್ರೆಸ್‌ಮೀಟ್‌ನಲ್ಲಿ ಇನ್ನೊಬ್ಬರು ಬೇರೆ ಸಂಖ್ಯೆ. ಕೊನೆಗೆ 'ಎಂದು ಆರೋಪಿಸಿದರು' ಅಂತ ಸೇರಿಸಿದರೆ ನಮ್ಮ ತಲೆ ಮೇಲೆ ಏನೂ ಬರುವುದಿಲ್ಲ. ಸುಳ್ಳು ಅವರದು, ಅಕ್ಷರ ಮಾತ್ರ ನಮ್ಮದು. ಈ ಅಡಗುತಾಣವನ್ನು ಹಳೆಯ ಸಿನಿಮಾ ಬಯಲು ಮಾಡುತ್ತದೆ. ಸುಳ್ಳನ್ನು ಹುಟ್ಟಿಸಿದ್ದು ಸಾಸ್ ಬಾಟಲಿ, ಓಡಾಡಿಸಿದ್ದು ನೀವು ಎಂದು ಪತ್ರಕರ್ತರಿಗೇ ಹೇಳುತ್ತದೆ.

ರೀಮೇಕ್ ಏನು ಮಾಡಿತು? ಕೊರಿಯಾ ಹೋಗಿ 1991ರ ಕುವೈತ್ ಬಂತು. ಕಮ್ಯುನಿಸ್ಟರು ಹೋಗಿ 'ಮಂಚೂರಿಯನ್ ಗ್ಲೋಬಲ್' ಎಂಬ ದೈತ್ಯ ಕಂಪನಿ ಬಂತು. ಇಸ್ಪೀಟು ಹೋಗಿ ಮೈಯೊಳಗೆ ಹುದುಗಿಸಿದ ಚಿಪ್ ಬಂತು. ಮಲತಂದೆಯ ಪಾತ್ರವೇ ಇಲ್ಲ, ತಾಯಿಯೇ ಸೆನೆಟರ್. ಆ ಪಾತ್ರವನ್ನು ಮೆರಿಲ್ ಸ್ಟ್ರೀಪ್, ಮಾರ್ಕೊ ಪಾತ್ರವನ್ನು ಡೆಂಜೆಲ್ ವಾಷಿಂಗ್ಟನ್ ಮಾಡಿದ್ದಾರೆ.

ಒಳ್ಳೆಯದನ್ನು ಒಳ್ಳೆಯದು ಅನ್ನಲೇಬೇಕು. ಇಬ್ಬರ ನಟನೆಯಲ್ಲೂ ಎತ್ತಿ ತೋರಿಸುವ ತಪ್ಪಿಲ್ಲ. ಇರಾಕ್ ಯುದ್ಧ ನಡೆಯುತ್ತಿದ್ದ ಹೊತ್ತಿನಲ್ಲಿ, ಶತ್ರು ಹೊರದೇಶದವನಲ್ಲ, ಯುದ್ಧದಿಂದ ಲಾಭ ಮಾಡುವ ನಮ್ಮದೇ ಕಂಪನಿ ಎಂದು ಹೇಳಲು ಧೈರ್ಯ ಬೇಕು. ಶತ್ರುವನ್ನು ಬದಲಾಯಿಸಿದ್ದಕ್ಕೆ ನನ್ನ ತಕರಾರಿಲ್ಲ. ಹಳೆಯ ಶತ್ರುವನ್ನೇ ಇಟ್ಟಿದ್ದರೆ ರೀಮೇಕ್ ಸತ್ತ ಹಾವಿಗೆ ಹೊಡೆದಂತೆ ಆಗುತ್ತಿತ್ತು.

ತಕರಾರು ಇರುವುದು ಸುಳ್ಳಿನ ಜಾಗ ಬದಲಾಯಿಸಿದ್ದಕ್ಕೆ. ಹಳೆಯದರಲ್ಲಿ ಸುಳ್ಳು ಸಭೆಯಲ್ಲಿದೆ, ಟಿ.ವಿ.ಯಲ್ಲಿದೆ, ಮರುದಿನದ ಪತ್ರಿಕೆಯಲ್ಲಿದೆ. ಸೆನೆಟರ್‌ಗೆ ಕೈಚಪ್ಪಾಳೆ ತಟ್ಟುವ ಯಾರ ಮೈಯಲ್ಲೂ ಚಿಪ್ ಇಲ್ಲ, ಯಾರನ್ನೂ ಮಂಚೂರಿಯಾಕ್ಕೆ ಒಯ್ದಿಲ್ಲ. ತಲೆ ತಿರುಗಿಸಿಕೊಂಡ ಸೈನಿಕರು ಬೆರಳೆಣಿಕೆಯಷ್ಟು, ತಾವಾಗಿಯೇ ತಲೆ ಕೊಟ್ಟವರು ದೇಶದ ತುಂಬ. ಹೊಸದರಲ್ಲಿ ಸುಳ್ಳು ಚರ್ಮದ ಕೆಳಗಿದೆ. ಮಾರ್ಕೊ ತನ್ನ ಬೆನ್ನನ್ನು ತಾನೇ ಚಾಕುವಿನಿಂದ ಕೊರೆದು ಚಿಪ್ ತೆಗೆಯುತ್ತಾನೆ. ನೋಡುವವರಿಗೆ ಮೈ ಜುಮ್ಮೆನ್ನುತ್ತದೆ, ಜೊತೆಗೆ ಒಂದು ನೆಮ್ಮದಿಯೂ ಸಿಗುತ್ತದೆ: ನನ್ನ ಬೆನ್ನಲ್ಲಿ ಇಲ್ಲವಲ್ಲ, ನಾನು ಬಚಾವ್!

ಇನ್ನೊಂದು ಬದಲಾವಣೆಯನ್ನು ನಮ್ಮಂಥವರು ಗಮನಿಸಲೇಬೇಕು. ಹಳೆಯ ಸಿನಿಮಾದಲ್ಲಿ ಯುದ್ಧದಿಂದ ಬಂದ ರೇಮಂಡ್ ಸೇರುವುದು ಪತ್ರಿಕಾ ಕೆಲಸಕ್ಕೆ. ಹೋಲ್ಬಾರ್ನ್ ಗೇನ್ಸ್ ಎಂಬ ಹಿರಿಯ ಪತ್ರಕರ್ತನ ಕೈಕೆಳಗೆ ಇರುತ್ತಾನೆ. ಗೊಂಬೆ ಸರಿಯಾಗಿ ಕುಣಿಯುತ್ತದೆಯೇ ಎಂದು ಪರೀಕ್ಷಿಸಲು ಒಡೆಯರು ಅವನ ಕೈಯಲ್ಲಿ ಕೊಲ್ಲಿಸುವುದು ಅದೇ ಗೇನ್ಸ್‌ನನ್ನು. ಪತ್ರಿಕೆಯ ಮನೆಯೊಳಗೇ ಕೊಲೆಗಾರ, ಬಲಿ ಇಬ್ಬರೂ ಇದ್ದಾರೆ. ಹೊಸದರಲ್ಲಿ ರೇಮಂಡ್ ಉಪಾಧ್ಯಕ್ಷ ಹುದ್ದೆಯ ಅಭ್ಯರ್ಥಿ. ಅಧಿಕಾರಸ್ಥರು ಮತ್ತು ಕಂಪನಿಯವರ ನಡುವಿನ ವ್ಯವಹಾರ, ನಮಗೇನು ಸಂಬಂಧ?

ಹೊಸದರಲ್ಲೂ ಹಿನ್ನೆಲೆಯಲ್ಲಿ ಟಿ.ವಿ. ವಾರ್ತೆ ಒಂದೇ ಸಮನೆ ಬಡಬಡಿಸುತ್ತದಲ್ಲ ಎಂದು ಕೇಳಬಹುದು. ಹೌದು, ಬಡಬಡಿಸುತ್ತದೆ. ಅದು ಮಳೆಯ ಸದ್ದಿನ ಹಾಗೆ, ಯಾರೂ ಅದಕ್ಕೆ ಹೊಣೆಯಲ್ಲ. ಹಳೆಯದರಲ್ಲಿ ಹೊಣೆ ಯಾರದೆಂದು ಬೆರಳು ತೋರಿಸಿ ಹೇಳಿದ್ದಾರೆ.

ಕೊನೆಯಲ್ಲಂತೂ ಎರಡೂ ಪೂರ್ತಿ ಬೇರೆ ದಾರಿ ಹಿಡಿಯುತ್ತವೆ. 1962ರಲ್ಲಿ ರೇಮಂಡ್ ತಾಯಿ ಮತ್ತು ಮಲತಂದೆಯನ್ನು ಗುಂಡಿಟ್ಟು ಕೊಂದು, ತಾನೂ ಸಾಯುತ್ತಾನೆ. ಆಮೇಲೆ ಮಾರ್ಕೊ ಪದಕ ಪಡೆದ ನಿಜವಾದ ಸೈನಿಕರ ಸಾಹಸಗಳನ್ನು ಪುಸ್ತಕದಿಂದ ಓದುತ್ತಾನೆ. ನಂತರ ರೇಮಂಡ್ ನಿಜವಾಗಿ ಮಾಡಿದ್ದು ಏನು ಎಂದು ತನ್ನದೇ ಮಾತಿನಲ್ಲಿ ಹೇಳುತ್ತಾನೆ. ಸುಳ್ಳು ಪದಕದಿಂದ ಶುರುವಾದ ಸಿನಿಮಾ ದಾಖಲೆ ಸರಿಪಡಿಸಿ ಮುಗಿಯುತ್ತದೆ. 2004ರಲ್ಲಿ ಗುಂಡು ಹಾರಿಸುವವನು ಮಾರ್ಕೊ. ಅವನನ್ನು ಉಳಿಸಲು ಎಫ್‌ಬಿಐನವರು ವಿಡಿಯೊವನ್ನೇ ತಿದ್ದಿ, ಕಂಪನಿಗೆ ಸೇರಿದ ಒಬ್ಬ ಸತ್ತ ಮನುಷ್ಯನನ್ನು ಕೊಲೆಗಾರ ಎಂದು ತೋರಿಸುತ್ತಾರೆ.

ಡೆಮಿ ಅದನ್ನು ವ್ಯಂಗ್ಯವಾಗಿ ಇಟ್ಟಿದ್ದಾರೆ ಅನ್ನುವವರಿದ್ದಾರೆ. ಇರಲಿ. ಆದರೆ ನೋಡುವವರ ಮನಸ್ಸಿಗೆ ಇಳಿಯುವುದು ಸಮಾಧಾನ: ನಮ್ಮ ಹೀರೊ ಉಳಿದ, ಕೆಟ್ಟವರಿಗೆ ಹೆಸರು ಬಂತು, ವಿಡಿಯೊ ತಿದ್ದಿದರೆ ತಿದ್ದಿಕೊಳ್ಳಲಿ. ಒಳ್ಳೆಯವರ ಪರವಾಗಿ ಆದರೆ ಸುಳ್ಳು ದಾಖಲೆಯೂ ನಡೆಯುತ್ತದೆ ಎಂದಾದರೆ, ಯಾರು ಒಳ್ಳೆಯವರು ಎಂದು ತೀರ್ಮಾನ ಮಾಡುವವರು ಯಾರು? ವಾಟ್ಸ್‌ಆ್ಯಪ್‌ನಲ್ಲಿ ತಿದ್ದಿದ ವಿಡಿಯೊ ಹಂಚುವ ಪ್ರತಿಯೊಬ್ಬರಿಗೂ ತಾವು ಒಳ್ಳೆಯವರ ಕಡೆಗೇ ಇದ್ದೇವೆ ಎಂಬ ನಂಬಿಕೆ ಇರುತ್ತದೆ.

ಹಳೆಯದು ಎಂಬ ಕಾರಣಕ್ಕೆ ಹಳೆಯದನ್ನು ಹೊಗಳುತ್ತಿಲ್ಲ. ಹೊಸ ಸಿನಿಮಾ ಎಲ್ಲೋ ಇರುವ ದೊಡ್ಡ ಶತ್ರುವನ್ನು ತೋರಿಸಿ ನಮ್ಮನ್ನು ಬಿಟ್ಟುಬಿಡುತ್ತದೆ. ಹಳೆಯದು ಬಿಡುವುದಿಲ್ಲ. ಬರೆಯುವವರನ್ನೂ ಓದುವವರನ್ನೂ ಒಟ್ಟಿಗೆ ಹಿಡಿದು ನಿಲ್ಲಿಸುತ್ತದೆ. ಎರಡರಲ್ಲಿ ಒಂದನ್ನೇ ನೋಡುವಷ್ಟು ಡೇಟಾ ಉಳಿದಿದ್ದರೆ ಕಪ್ಪು ಬಿಳುಪಿನದನ್ನೇ ನೋಡಿ.

ಇನ್ನು ಮುಂದೆ ಯಾರಾದರೂ ನಿಮ್ಮ ಮುಂದೆ ಒಂದು ಸಂಖ್ಯೆ ಇಟ್ಟರೆ, ಅದು ನಾನು ಬರೆದ ಸುದ್ದಿಯಲ್ಲೇ ಇರಲಿ, 'ಎಷ್ಟು' ಅನ್ನುವ ಮೊದಲು 'ಹೌದಾ' ಎಂದು ಕೇಳಿ. ಪಟ್ಟಿ ತೋರಿಸಿ ಅನ್ನಿ. ತೋರಿಸದಿದ್ದರೆ ಅವರ ಊಟದ ಮೇಜಿನ ಮೇಲೆ ಯಾವ ಬಾಟಲಿ ಇತ್ತು ಎಂದು ವಿಚಾರಿಸಿ.