ಬೆಟ್ಟಕ್ಕೆ ಬೇಡದ ಗಾಜು

ಚಾರಣಕ್ಕೆ ಹೊರಡುವವರ ಬೆನ್ನುಚೀಲಗಳು ವರ್ಷದಿಂದ ವರ್ಷಕ್ಕೆ ಭಾರವಾಗುತ್ತಿವೆ. ಹೆಚ್ಚುತ್ತಿರುವುದು ಅಕ್ಕಿಯಲ್ಲ, ನೀರಲ್ಲ, ಕಂಬಳಿಯೂ ಅಲ್ಲ, ಗಾಜು. ದೊಡ್ಡ ಲೆನ್ಸ್ ಇಲ್ಲದವನು ಛಾಯಾಗ್ರಾಹಕನೇ ಅಲ್ಲವೆಂಬ ನಂಬಿಕೆಯನ್ನು ಕ್ಯಾಮೆರಾ ಮಾರುಕಟ್ಟೆ ಬಿತ್ತಿದೆ. ಅದರ ಕಳೆಯನ್ನು ನಮ್ಮ ಬೆಟ್ಟಗಳು ಹೊರುತ್ತಿವೆ. ಭೂದೃಶ್ಯ ಛಾಯಾಗ್ರಹಣದ ಮಟ್ಟಿಗೆ ಈ ನಂಬಿಕೆಗೆ ವೈಜ್ಞಾನಿಕ ಆಧಾರವಿಲ್ಲ.

ಲೆಕ್ಕ ಸರಳ. 200 ಮಿ.ಮೀ. ನಾಭಿದೂರದ ಲೆನ್ಸ್ ಎಫ್/2.8ರಷ್ಟು ತೆರೆದುಕೊಳ್ಳಬೇಕಾದರೆ ಅದರ ದ್ಯುತಿರಂಧ್ರ ಸುಮಾರು 71 ಮಿ.ಮೀ. ಅಗಲವಿರಬೇಕು, ಎಫ್/4ಕ್ಕೆ 50 ಮಿ.ಮೀ. ಸಾಕು. ಈ ಅಗಲವೇ ತೂಕದ ಮೂಲ. ಕ್ಯಾನನ್‌ನ 70-200 ಮಿ.ಮೀ. ಎಫ್/2.8 ಲೆನ್ಸಿನ ಕಂಪನನಿರೋಧಕ ಎರಡನೆಯ ಆವೃತ್ತಿ ಸುಮಾರು 1,490 ಗ್ರಾಂ ತೂಗಿದರೆ, 2006ರಲ್ಲಿ ಬಂದ ಅದೇ ಅಳತೆಯ ಎಫ್/4 ಲೆನ್ಸ್ ಸುಮಾರು 760 ಗ್ರಾಂ. ಆದರೆ ಮುಂದಿನ ಹುಲ್ಲಿನಿಂದ ದೂರದ ಶಿಖರದವರೆಗೆ ಎಲ್ಲವೂ ಸ್ಫುಟವಾಗಿರಬೇಕೆಂದು ಬಯಸುವವನು ರಂಧ್ರವನ್ನು ಎಫ್/8 ಅಥವಾ ಎಫ್/11ಕ್ಕೆ ಕಿರಿದುಗೊಳಿಸಲೇಬೇಕು. ಎಫ್/8ರಲ್ಲಿ ಆ ದುಬಾರಿ ರಂಧ್ರದ ವಿಸ್ತೀರ್ಣದ ಎಂಟನೆಯ ಒಂದು ಪಾಲು ಮಾತ್ರ ಕೆಲಸ ಮಾಡುತ್ತದೆ. ಉಳಿದ ಏಳು ಪಾಲನ್ನು ಮುಚ್ಚಿಟ್ಟುಕೊಂಡೇ ಬೆಟ್ಟ ಹತ್ತುವುದು ಯಾವ ಜಾಣತನ?

ಮುಂಜಾವಿನ ಮಂದ ಬೆಳಕಿಗೆ ಬೇಕಲ್ಲವೇ ಎನ್ನುವವರಿದ್ದಾರೆ. ಓಡುವ ಜಿಂಕೆಗೆ ಬೇಕಾದೀತು, ಬೆಟ್ಟ ಓಡುವುದಿಲ್ಲ. ಹಗುರವಾದ ಒಂದು ತ್ರಿಪಾದಿ, ತುಸು ತಾಳ್ಮೆ ಇದ್ದರೆ ಸಾಕು. ಆನ್ಸೆಲ್ ಆಡಮ್ಸ್ ಭಾರದ ಕ್ಯಾಮೆರಾ ಹೊರಲಿಲ್ಲವೇ ಎಂಬುದು ಇನ್ನೊಂದು ಪ್ರಶ್ನೆ. ಹೊತ್ತರು, ಅವರ ಕಾಲದ ಗಾಜಿನ ಫಲಕಗಳು ಅದನ್ನು ಬೇಡಿದವು. ಆದರೆ 1932ರಲ್ಲಿ ಅವರೂ ಸಂಗಡಿಗರೂ ಕಟ್ಟಿದ ಬಳಗ ತನಗಿಟ್ಟುಕೊಂಡ ಹೆಸರು ಎಫ್/64, ಅಂದರೆ ಅತಿ ಕಿರಿದಾದ ರಂಧ್ರದ್ದು. ಇಂದಿನ ಅಂಗಡಿಗಳು ಮಾರುತ್ತಿರುವುದು ಅದಕ್ಕೆ ತದ್ವಿರುದ್ಧವಾದದ್ದನ್ನು. ಸಿಯೆರಾ ನೆವಾಡಾ ಕುರಿತ ಆಡಮ್ಸರ 1938ರ ಚಿತ್ರಪುಸ್ತಕವು 1940ರಲ್ಲಿ ಕಿಂಗ್ಸ್ ಕ್ಯಾನ್ಯನ್ ರಾಷ್ಟ್ರೀಯ ಉದ್ಯಾನದ ಘೋಷಣೆಗೆ ನೆರವಾಯಿತು. ಚಿತ್ರವು ನೆಲಕ್ಕೆ ಸಲ್ಲಿಸಬಹುದಾದ ಋಣ ಅದು.

ಒಂದು ಕಿಲೋ ಗಾಜಿನಿಂದ ಬೆಟ್ಟ ಕುಸಿಯುವುದಿಲ್ಲ, ನಿಜ. ಆದರೆ ಭಾರ ಹೊತ್ತವನು ನಡೆಯಲಾರದೆ ಜೀಪು ಹುಡುಕುತ್ತಾನೆ. ಕೊಡಚಾದ್ರಿಯಲ್ಲಿ, ಮಾಂದಲಪಟ್ಟಿಯಲ್ಲಿ ಜೀಪುಗಳ ಸಾಲು ಯಾರಿಗಾಗಿ? ಶೋಲಾ ಅಂಚಿನ ಹುಲ್ಲುಗಾವಲನ್ನು ಹಿಡಿದಿಟ್ಟಿರುವುದು ತೆಳುವಾದ ಮೇಲ್ಮಣ್ಣು ಮತ್ತು ಹುಲ್ಲಿನ ಬೇರು. ಚಕ್ರದಡಿ ಮಣ್ಣಿನ ರಂಧ್ರಗಳು ಮುಚ್ಚಿದರೆ ಮಳೆಯ ನೀರು ಇಂಗುವುದಿಲ್ಲ, ಹರಿಯುತ್ತದೆ, ಕೊರೆಯುತ್ತದೆ. ಇಂದಿನ ಚಕ್ರದ ಜಾಡು ಮುಂದಿನ ಮಳೆಗಾಲಗಳ ಕೊರಕಲು. ಕೊಚ್ಚಿಹೋದ ಮಣ್ಣು ಕೆಳಗಿನ ತೋಟದ ಕಾದಿಗೆಯಲ್ಲಿ, ಗದ್ದೆಯಲ್ಲಿ, ಹೊಳೆಯಲ್ಲಿ ಹೂಳಾಗುತ್ತದೆ. ಕುಮಾರಪರ್ವತದ ನೂಕುನುಗ್ಗಲಿನ ನಂತರ 2024ರಲ್ಲಿ ಅರಣ್ಯ ಇಲಾಖೆ ಚಾರಣಪಥಗಳಿಗೆ ದಿನಕ್ಕೆ 300 ಜನರ ಮಿತಿ ತಂದದ್ದು ಸ್ವಾಗತಾರ್ಹ. ಆದರೆ ಅದು ತಲೆಗಳನ್ನು ಎಣಿಸುತ್ತದೆ. ನಮ್ಮ ಲೋಭವನ್ನು ತೂಗುವುದಿಲ್ಲ. ಆ ತಕ್ಕಡಿಯನ್ನು ನಾವೇ ಹಿಡಿಯಬೇಕು.

ಆದ್ದರಿಂದ ನಮ್ಮ ಬಳಗದ ಚಾರಣಗಳಿಗೆ ಒಂದು ನಿಯಮವನ್ನು ಸೂಚಿಸುತ್ತೇನೆ: ಭೂದೃಶ್ಯಕ್ಕಾಗಿ ಬರುವವರ ಲೆನ್ಸುಗಳ ಒಟ್ಟು ತೂಕ ಅರ್ಧ ಕಿಲೋ ಮೀರಬಾರದು. ಇದು ಕಠಿಣವೇನಲ್ಲ. ಕ್ಯಾನನ್‌ನ 40 ಮಿ.ಮೀ. ಎಫ್/2.8 ಲೆನ್ಸ್ ಸುಮಾರು 130 ಗ್ರಾಂ, ನಿಕಾನ್‌ನ 50 ಮಿ.ಮೀ. ಎಫ್/1.8 ಜಿ ಸುಮಾರು 185 ಗ್ರಾಂ. ವಿಶಾಲ ನೋಟ ಬೇಕಾದರೆ ಅಕ್ಕಪಕ್ಕದ ನಾಲ್ಕು ಚಿತ್ರಗಳನ್ನು ತೆಗೆದು ಮನೆಯಲ್ಲಿ ಜೋಡಿಸಿಕೊಳ್ಳಬಹುದು. ನೋಟ ಬದಲಾಗಬೇಕಾದರೆ ಉಂಗುರ ತಿರುಗಿಸುವ ಬದಲು ಕಾಲುಹಾದಿಯಲ್ಲೇ ಹತ್ತು ಹೆಜ್ಜೆ ನಡೆಯಬೇಕು. ಚಾರಣವೆಂದರೆ ಅದೇ ಅಲ್ಲವೇ?

ಲೆನ್ಸಿಗೆ ಉಳಿಸಿದ ಹಣದಿಂದ ನಮ್ಮ ನರ್ಸರಿಗೆ ಕಾಡುಸಸಿಗಳು ಬಂದಾವು. ಬೆಟ್ಟವನ್ನು ಪ್ರೀತಿಸುತ್ತೇವೆ ಎನ್ನುವವರು ಮೊದಲು ಚೀಲ ಹಗುರ ಮಾಡಿಕೊಳ್ಳಲಿ.